ಕಾದಂಬರಿ ನೂರನೇ ಪುಟದಲ್ಲಿ ನಿಲ್ಲುತ್ತೆ, ಸೆಲ್ಫ್ ಹೆಲ್ಪ್ ತಲೆಯಲ್ಲಿ ನಿಲ್ಲಲ್ಲ: ಟಿಪ್ಪಣಿ ಹೇಗೆ ಮಾಡ್ಕೋಬೇಕು?

ಅರ್ಧಓದು ಕೇಳಿದ್ದು:

ಎರಡು ಥರದ ಪುಸ್ತಕ, ಎರಡು ಥರದ ತಾಪತ್ರಯ.

ಮೊದಲನೆಯದು ಟಾಲ್‌ಸ್ಟಾಯ್, ದಾಸ್ತೋವ್‌ಸ್ಕಿ, ಹ್ಯೂಗೊ ಬರೆದಂಥ ದಪ್ಪ ಕಾದಂಬರಿಗಳದ್ದು. ಮೊದಲ ನಲವತ್ತು ಪುಟ ಹುಮ್ಮಸ್ಸಿನಲ್ಲಿ ಸಾಗುತ್ತೆ. ನೂರರ ಹೊತ್ತಿಗೆ ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ಕಲಸುಮೇಲೋಗರ. ನಾಲ್ಕು ದಿನ ಬಿಟ್ಟು ತೆರೆದರೆ ಮತ್ತೆ ಮೊದಲಿಂದ ಓದಬೇಕು.

ಎರಡನೆಯದು ಸೆಲ್ಫ್ ಹೆಲ್ಪ್. ಇವು ಎರಡು ಸಲ ಕೂತರೆ ಮುಗಿಯುತ್ತವೆ, ಅರ್ಧ ಪುಸ್ತಕಕ್ಕೆ ಹಳದಿ ಗೆರೆಯೂ ಬಿದ್ದಿರುತ್ತೆ. ತಿಂಗಳಾದ ಮೇಲೆ ಯಾರಾದರೂ "ಅದರಲ್ಲೇನಿದೆ?" ಅಂದರೆ "ಚೆನ್ನಾಗಿದೆ, ಓದಿ" ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ.

ಓದಿದ್ದರ ಬಗ್ಗೆ ಬರೆದಿಟ್ಟುಕೊಳ್ಳಬೇಕು ಅಂತಿದೆ. ಸಾರಾಂಶ, ಇಷ್ಟವಾದ ಸಾಲು, ಕಲಿತ ಪಾಠ: ಈ ಮೂರು ಕಲಮಿನ ನಮೂನೆ ಎರಡಕ್ಕೂ ಸಾಕಾ, ಅಥವಾ ಬೇರೆ ಬೇರೆ ಬೇಕಾ? ಹುರಿದುಂಬಿಸುವ ಮಾತು ಬೇಡ, ವಿಧಾನ ಹೇಳಿ.

---

ಮಡಚಿದಹಾಳೆ ಬರೆದದ್ದು:

ಬೇರೆ ಬೇರೆ ಬೇಕು. ಸೆಲ್ಫ್ ಹೆಲ್ಪ್ ಬಗ್ಗೆ ಗೊತ್ತಿರೋರು ಹೇಳಲಿ, ಇಲ್ಲಿ ಕಾದಂಬರಿಯ ಮಾತು ಮಾತ್ರ.

ನೂರನೇ ಪುಟದಲ್ಲಿ ನಿಲ್ಲೋದಕ್ಕೆ ಮುಖ್ಯ ಕಾರಣ ಅಳತೆ ತಪ್ಪಿರೋದು. ಹತ್ತೊಂಬತ್ತನೇ ಶತಮಾನದ ದೊಡ್ಡ ಕಾದಂಬರಿಗಳಲ್ಲಿ ಬಹಳಷ್ಟು ಕಂತುಗಳಲ್ಲಿ ಬಂದಂಥವು. ಡಿಕನ್ಸ್‌ನ ಮಾಸಿಕ ಕಂತು ಅಂದರೆ 32 ಪುಟ, ಆಮೇಲೆ ಒಂದು ತಿಂಗಳು ಕಾಯಬೇಕು. ಜಾರ್ಜ್ ಎಲಿಯಟ್‌ಳ 'ಮಿಡ್ಲ್‌ಮಾರ್ಚ್' 1871ರ ಡಿಸೆಂಬರ್‌ನಿಂದ 1872ರ ಡಿಸೆಂಬರ್‌ವರೆಗೆ ಎಂಟು ಭಾಗಗಳಲ್ಲಿ ಬಂತು. ಅಂದಿನ ಓದುಗರಿಗೆ ಪಾತ್ರಗಳು ಮನಸ್ಸಿನಲ್ಲಿ ಕೂರೋಕೆ ವರ್ಷ ಸಿಕ್ಕಿತ್ತು. ನಾವು ಅದನ್ನೇ ಹತ್ತು ದಿನದಲ್ಲಿ ನುಂಗೋಕೆ ಹೋಗಿ ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತೇವೆ.

ಹಾಗಾಗಿ "ದಿನಕ್ಕೆ ಐವತ್ತು ಪುಟ" ಅನ್ನೋ ಲೆಕ್ಕ ಬಿಡಿ. ಐವತ್ತನೇ ಪುಟ ಯಾವುದೋ ಮಾತುಕತೆಯ ನಡುವೆ ಮುಗಿಯುತ್ತೆ, ಮರುದಿನ ಆ ಮಾತಿನ ತುದಿ ಸಿಗಲ್ಲ. ಅಧ್ಯಾಯವನ್ನೇ ಅಳತೆ ಮಾಡಿಕೊಳ್ಳಿ. 'ವಾರ್ ಅಂಡ್ ಪೀಸ್' ನೋಡಿ ಎಲ್ಲರೂ ಹೆದರುತ್ತಾರೆ. ಉಪಸಂಹಾರವೂ ಸೇರಿ ಅದರಲ್ಲಿ 361 ಅಧ್ಯಾಯ, ಹೆಚ್ಚಿನವು ಮೂರ್ನಾಲ್ಕು ಪುಟದವು. ದಿನಕ್ಕೊಂದು ಓದಿದರೂ ವರ್ಷದ ಕೊನೆಗೆ ನಾಲ್ಕು ದಿನ ಮಿಗುತ್ತೆ.

ಇನ್ನು ಹೆಸರಿನ ಕಾಟ. ರಷ್ಯನ್ ಕಾದಂಬರಿ ಅರ್ಧಕ್ಕೆ ಬಿಡೋರಲ್ಲಿ ಬಹಳ ಜನ ಬಿಡೋದು ಕಥೆಗಲ್ಲ, ಹೆಸರಿಗೆ. ಅಲ್ಲಿ ಒಬ್ಬರಿಗೆ ಮೂರು ಭಾಗದ ಹೆಸರು: ಸ್ವಂತ ಹೆಸರು, ಅಪ್ಪನ ಹೆಸರಿನಿಂದ ಆದದ್ದು, ಮನೆತನದ್ದು. ಜತೆಗೆ ಮುದ್ದಿನ ಹೆಸರು ಬೇರೆ. 'ಅಪರಾಧ ಮತ್ತು ಶಿಕ್ಷೆ'ಯ ರಸ್ಕೋಲ್ನಿಕೊವ್‌ನನ್ನು ತಾಯಿ ರೋದ್ಯಾ ಅಂತಾಳೆ, ಗೌರವ ಕೊಟ್ಟು ಮಾತಾಡೋರು ರೋದಿಯೊನ್ ರೊಮಾನೊವಿಚ್ ಅಂತಾರೆ. ತಂಗಿ ಮನೆಯಲ್ಲಿ ದೂನ್ಯಾ, ಹೊರಗಿನವರಿಗೆ ಅವ್ದೋತ್ಯಾ ರೊಮಾನೊವ್ನಾ. ಇಲ್ಲೇ ಒಂದು ಸುಳಿವಿದೆ: ನಡುವಿನ ಹೆಸರು ಸಾಮಾನ್ಯವಾಗಿ ಗಂಡಿಗೆ 'ಒವಿಚ್', ಹೆಣ್ಣಿಗೆ 'ಒವ್ನಾ' ಅಂತ ಮುಗಿಯುತ್ತೆ. ಆ ಬಾಲ ತೆಗೆದರೆ ಅಪ್ಪ ಸಿಗುತ್ತಾನೆ. ರೊಮಾನೊವಿಚ್, ರೊಮಾನೊವ್ನಾ ಇಬ್ಬರೂ ರೊಮಾನ್ ಮಕ್ಕಳು, ಅಂದರೆ ಅಣ್ಣ-ತಂಗಿ. ಸೋಫ್ಯಾ ಸೆಮ್ಯೊನೊವ್ನಾ, ಅಂದರೆ ಸೋನ್ಯಾ, ಸೆಮ್ಯೊನ್ ಮಾರ್ಮೆಲಾದೊವ್‌ನ ಮಗಳು. ಇಷ್ಟು ಗೊತ್ತಾದರೆ ನಂಟಸ್ತಿಕೆಯ ಪಟ್ಟಿಯ ಅರ್ಧ ಕೆಲಸ ಹೆಸರೇ ಮಾಡಿಕೊಡುತ್ತೆ.

ಉಳಿದರ್ಧಕ್ಕೆ ಒಂದು ಹಾಳೆ. ಎ4 ಹಾಳೆಯನ್ನು ಉದ್ದಕ್ಕೆ ಎರಡು ಸಲ ಮಡಚಿ. ಅದೇ ಬುಕ್‌ಮಾರ್ಕ್, ಅದೇ ಪಾತ್ರಗಳ ಪಟ್ಟಿ. ಬೇರೆ ನೋಟ್‌ಬುಕ್‌ನಲ್ಲಿ ಬರೆದರೆ ಎದ್ದು ಹೋಗಿ ನೋಡಬೇಕು, ಯಾರೂ ಎದ್ದು ಹೋಗಲ್ಲ. ಎಡಗಡೆ ಹೆಸರಿನ ಎಲ್ಲ ರೂಪ, ಬಲಗಡೆ "ಯಾರಿಗೆ ಏನಾಗಬೇಕು" ಮತ್ತು ಮೊದಲು ಕಂಡ ಅಧ್ಯಾಯದ ಸಂಖ್ಯೆ. ಸ್ವಭಾವ ಬರೆಯಬೇಡಿ. "ಜಂಬದವನು" ಅಂತ ಮೂರನೇ ಅಧ್ಯಾಯದಲ್ಲಿ ಬರೆದುಬಿಟ್ಟರೆ ಮೂವತ್ತನೆಯದರಲ್ಲೂ ಅವನನ್ನು ಅದೇ ಕನ್ನಡಕದಲ್ಲಿ ನೋಡ್ತೀರಿ. ಪಾತ್ರ ಎರಡನೇ ಸಲ ಬಂದಾಗಲೇ ಪಟ್ಟಿಗೆ ಸೇರಿಸಿ. ಒಂದೇ ಸಲ ಬಂದು ಮಾಯವಾಗೋ ಅತಿಥಿಗಳನ್ನೆಲ್ಲ ಬರೆಯುತ್ತಾ ಕೂತರೆ 'ವಾರ್ ಅಂಡ್ ಪೀಸ್'ನ ಮೊದಲ ಕೂಟದಲ್ಲೇ ಹಾಳೆ ಮುಗಿಯುತ್ತೆ. ಅಲ್ಲಿ ಬೆಜುಖೊವ್, ಬೊಲ್ಕೊನ್‌ಸ್ಕಿ, ರೊಸ್ತೊವ್, ಕುರಾಗಿನ್, ದ್ರುಬೆತ್‌ಸ್ಕೊಯ್ ಈ ಐದು ಮನೆತನ ಹಿಡಿದಿಟ್ಟುಕೊಂಡರೆ ಸದ್ಯಕ್ಕೆ ಸಾಕು. ಇಂಟರ್ನೆಟ್‌ನಿಂದ ಪಾತ್ರಗಳ ಪಟ್ಟಿ ಇಳಿಸಿಕೊಳ್ಳಬೇಡಿ, ಯಾರು ಸಾಯುತ್ತಾರೆ ಅನ್ನೋದು ಹೆಸರಿನ ಪಕ್ಕದಲ್ಲೇ ಇರುತ್ತೆ.

ಇನ್ನು ಬೇಸರದ ಭಾಗ ಹಾರಿಸಬಹುದಾ ಅಂತ ಮುಂದೆ ಕೇಳೇ ಕೇಳ್ತೀರಿ. ಹಾರಿಸಬಹುದು, ಆದರೆ ಆ ಭಾಗದ ಕೊನೆಯ ಅಧ್ಯಾಯ ಬಿಡದೆ ಓದಿ. ಹ್ಯೂಗೊನ 'ಲೆ ಮಿಸೆರಾಬ್ಲ್'ನ ಎರಡನೇ ಸಂಪುಟ ವಾಟರ್‌ಲೂ ಯುದ್ಧದಿಂದ ಶುರುವಾಗುತ್ತೆ, 19 ಅಧ್ಯಾಯ, ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ. ಇಡಿಯಾಗಿ ಹಾರಿಸಿದವರು ಹತ್ತೊಂಬತ್ತನೆಯದನ್ನೂ ಕಳೆದುಕೊಳ್ಳುತ್ತಾರೆ. ರಾತ್ರಿ, ಹೆಣಗಳ ನಡುವೆ ಜೇಬು ತಡಕುತ್ತಾ ಓಡಾಡುವ ಒಬ್ಬ, ಗಾಯಗೊಂಡು ಬಿದ್ದ ಒಬ್ಬ ಅಧಿಕಾರಿ. ಮುಂದಿನ ನೂರಾರು ಪುಟಗಳ ಒಂದು ಗಂಟು ಬೀಳೋದು ಅಲ್ಲಿ. ಬಿಡಿಸಿ ಹೇಳಿದರೆ ಓದುವ ಸುಖ ಹೋಗುತ್ತೆ.

ಪುಸ್ತಕ ಕೈಬಿಡೋದಿದ್ದರೂ ಭಾಗದ ಕೊನೆಯಲ್ಲಿ ಬಿಡಿ. 'ಅನ್ನಾ ಕರೆನಿನಾ'ದಲ್ಲಿ ಅನ್ನಾ ಕಾಣಿಸಿಕೊಳ್ಳೋದೇ ಮೊದಲ ಭಾಗದ 18ನೇ ಅಧ್ಯಾಯದಲ್ಲಿ, ರೈಲ್ವೆ ಸ್ಟೇಷನ್‌ನಲ್ಲಿ. ಹದಿನೈದಕ್ಕೆ ಬಿಟ್ಟವರು ನಾಯಕಿಯ ಮುಖ ನೋಡದೆ "ಸಪ್ಪೆ" ಅಂತ ತೀರ್ಪು ಕೊಟ್ಟಿರ್ತಾರೆ.

ಮುನ್ನುಡಿಯನ್ನು ಕೊನೆಗೆ ಓದಿ, ವಿದ್ವಾಂಸರು ಬರೆದದ್ದಾದರೆ ಖಂಡಿತ ಕೊನೆಗೆ. ಪೂರ್ತಿ ಅನುವಾದವೋ ಸಂಗ್ರಹವೋ ಅನ್ನೋದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಪರಿವಿಡಿ ಎಣಿಸಿದರೆ ಗೊತ್ತಾಗುತ್ತೆ: 'ಅಪರಾಧ ಮತ್ತು ಶಿಕ್ಷೆ' ಆರು ಭಾಗ, ಒಂದು ಉಪಸಂಹಾರ, 'ಅನ್ನಾ ಕರೆನಿನಾ' ಎಂಟು ಭಾಗ. ಕಡಿಮೆ ಇದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ ಅಂತಲೇ ಅರ್ಥ.

---

ಒರೆಗಲ್ಲು ಬರೆದದ್ದು:

ಸೆಲ್ಫ್ ಹೆಲ್ಪ್ ಪಾಲು ಇಲ್ಲಿದೆ.

ಈ ಬಗೆಯ ಪುಸ್ತಕಗಳಲ್ಲಿ ಹೆಚ್ಚಿನವು ಒಂದು ವಾದ, ಅದರ ಸುತ್ತ ಮೂವತ್ತು ನಿದರ್ಶನ. ಗೆರೆ ಎಳೆಯುವ ಕೈ ಹೋಗುವುದು ನಿದರ್ಶನದ ಕಡೆಗೆ, ಏಕೆಂದರೆ ರುಚಿಯಿರುವುದು ಅಲ್ಲಿ. ತಿಂಗಳ ನಂತರ ನಿದರ್ಶನವೂ ನೆನಪಿರುವುದಿಲ್ಲ, ವಾದವನ್ನಂತೂ ಬರೆದುಕೊಂಡೇ ಇರುವುದಿಲ್ಲ.

ಮೊದಲು ಪರಿವಿಡಿ, ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಓದಿ. ಅರ್ಧ ಗಂಟೆಯ ಕೆಲಸ. ಪುಸ್ತಕ ಮುಚ್ಚಿ ಒಂದು ವಾಕ್ಯ ಬರೆಯಿರಿ: "ಇದನ್ನು ಮಾಡಿದರೆ ಇದು ಆಗುತ್ತದೆ, ಏಕೆಂದರೆ ಹೀಗೆ." ಮೂರು ಖಾಲಿ ಜಾಗವೂ ತುಂಬಬೇಕು. "ಏಕೆಂದರೆ" ತುಂಬದಿದ್ದರೆ ಅದು ಬುದ್ಧಿಮಾತು. "ಮಾಡಿದರೆ" ಕೂಡ ತುಂಬದಿದ್ದರೆ ಅದು ಬರೀ ಹುರುಪು, ನಡುವಿನ ಅಧ್ಯಾಯಗಳಿಗೆ ಸಮಯ ಕೊಡಬೇಕಾಗಿಲ್ಲ.

ಆಮೇಲೆ ವಾದಕ್ಕೆ ಆಧಾರವೇನು ಎಂದು ನೋಡಿ. ಒಬ್ಬರ ಕಥೆಯೋ, ಹಲವರನ್ನು ಕೇಳಿ ಬರೆದದ್ದೋ, ಪ್ರಯೋಗವೋ? ಪ್ರಯೋಗವಿದ್ದರೆ ಪುಸ್ತಕ ಹೇಳಿದ್ದೂ ಪ್ರಯೋಗ ಹೇಳಿದ್ದೂ ಒಂದೇನಾ? ಎಲ್ಲೆಡೆ ಕಾಣುವ "21 ದಿನದಲ್ಲಿ ಅಭ್ಯಾಸ" ತೆಗೆದುಕೊಳ್ಳಿ. ಇದರ ಬೇರು ಹುಡುಕುತ್ತಾ ಹೋದರೆ ಸಿಗುವುದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್‌ನ 1960ರ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆಯೆಂದರೂ 21 ದಿನ ಬೇಕು ಎಂಬುದು ಅವನು ಕಂಡದ್ದು. ಬಾಯಿಂದ ಬಾಯಿಗೆ ಹೋಗುವಾಗ "ಕಡಿಮೆಯೆಂದರೂ" ಉದುರಿತು, "ಮುಖ" ಹೋಗಿ "ಅಭ್ಯಾಸ" ಬಂತು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 84 ದಿನ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯಿತು. ವ್ಯತ್ಯಾಸ 18 ದಿನದಿಂದ 254 ದಿನದವರೆಗೆ. ಊಟದ ಜತೆ ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮ ತಡವಾಗಿ. ಅದೇ ಅಧ್ಯಯನದ ಇನ್ನೊಂದು ಮಾತನ್ನು ಪುಸ್ತಕಗಳು ಅಷ್ಟಾಗಿ ಎತ್ತುವುದಿಲ್ಲ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. "ಸರಪಳಿ ಕಡಿಯಬೇಡಿ" ಎಂಬ ಬೆದರಿಕೆಗಿಂತ ಇದು ಎಷ್ಟೋ ಉಪಯೋಗದ ಮಾತು.

"ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ನಿಪುಣರಾಗುತ್ತೀರಿ" ಎಂಬ ಮಾತೂ ಹೀಗೇ. 1993ರಲ್ಲಿ ಮನೋವಿಜ್ಞಾನಿ ಎರಿಕ್‌ಸನ್ ಮತ್ತು ಸಂಗಡಿಗರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದದ್ದು ಅದರ ಮೂಲ. ಇಪ್ಪತ್ತನೇ ವಯಸ್ಸಿಗೆ ಅತ್ಯುತ್ತಮ ಗುಂಪಿನ ಸರಾಸರಿ ಅಷ್ಟಿತ್ತು. ಸರಾಸರಿ ಎಂದಮೇಲೆ ಆ ಗುಂಪಿನಲ್ಲೇ ಅಷ್ಟು ಮುಟ್ಟದವರೂ ಇದ್ದರು. ಅದು ದಾಟಬೇಕಾದ ಗೆರೆಯಲ್ಲ.

ಕೊನೆಯ ಹಂತ ಪರೀಕ್ಷೆ. ಒಂದು ಪುಸ್ತಕದಿಂದ ಒಂದೇ ಒಂದು ಕೆಲಸ, 14 ದಿನ. ಒಂದು ಕಾರ್ಡಿನಲ್ಲಿ ನಾಲ್ಕು ಸಾಲು: ವಾದ, ಕೆಲಸ, ಯಾವಾಗ-ಎಲ್ಲಿ, ಯಾವುದನ್ನು ಸೋಲು ಎನ್ನಬೇಕು. ಹದಿನಾಲ್ಕು ದಿನದಲ್ಲಿ ಅಭ್ಯಾಸ ಬೇರೂರುವುದಿಲ್ಲ ನಿಜ, ಆದರೆ ಅದು ನಿಮ್ಮ ದಿನಚರಿಯಲ್ಲಿ ಹಿಡಿಯುತ್ತದೋ ಇಲ್ಲವೋ ತಿಳಿಯುತ್ತದೆ. ಸೋಲಿನ ಸಾಲನ್ನು ಮೊದಲ ದಿನವೇ ಬರೆಯಬೇಕು, ಆಮೇಲೆ ಬರೆದರೆ ಎಲ್ಲವೂ ಗೆಲುವೇ. ಪ್ರತಿದಿನ ಗುರುತು ಹಾಕುವಾಗ "ಹೇಗನ್ನಿಸಿತು" ಬರೆಯಬೇಡಿ. ಮಾಡಿದ್ದಕ್ಕೆ ಟಿಕ್, ಮಾಡದ್ದಕ್ಕೆ ಅಡ್ಡಗೆರೆ, ಅಷ್ಟೆ.

ಎಡವುವುದು ಎಲ್ಲಿ ಎಂದರೆ, ಮೂರು ಪುಸ್ತಕದ ಮೂರು ಉಪಾಯ ಒಟ್ಟಿಗೆ ಹಿಡಿದುಕೊಳ್ಳುವಲ್ಲಿ. ಏನಾದರೂ ಸುಧಾರಿಸಿದರೂ ಯಾವುದರಿಂದ ಎಂದು ಗೊತ್ತಾಗದು. ಬೆಂಜಮಿನ್ ಫ್ರಾಂಕ್ಲಿನ್ ಈ ಬಲೆಯನ್ನು ಚೆನ್ನಾಗಿ ಅರಿತಿದ್ದ. ಆತ್ಮಕಥೆಯಲ್ಲಿ ಹದಿಮೂರು ಗುಣಗಳ ಪಟ್ಟಿ ಕೊಡುತ್ತಾನೆ, ಆದರೆ ವಾರಕ್ಕೆ ಒಂದರ ಮೇಲೆ ಮಾತ್ರ ಕಣ್ಣು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಪುಟದಲ್ಲಿ ಏಳು ದಿನಕ್ಕೆ ಏಳು ಕಂಬ, ತಪ್ಪಿಗೆ ಒಂದು ಕಪ್ಪು ಚುಕ್ಕೆ. ಪಟ್ಟಿಯಲ್ಲಿ ಮೊದಲಿದ್ದದ್ದು ಹನ್ನೆರಡೇ. ನಿನಗೆ ಗರ್ವ ಎಂದು ಸ್ನೇಹಿತನೊಬ್ಬ ಹೇಳಿದ ಮೇಲೆ ವಿನಯವನ್ನು ಸೇರಿಸಿದನಂತೆ! ವಸ್ತುಗಳನ್ನು ಅವುಗಳ ಜಾಗದಲ್ಲಿಡುವ ಶಿಸ್ತು ಕೊನೆಗೂ ಕೈಹತ್ತಲಿಲ್ಲ ಎಂದೂ ಅವನೇ ಒಪ್ಪಿಕೊಂಡಿದ್ದಾನೆ. ಸೋಲನ್ನೂ ಬರೆದಿಟ್ಟ ಇಂಥ ಪುಸ್ತಕವನ್ನು ನಂಬಬಹುದು.

---

ಅಂಚುಗೆರೆ ಬರೆದದ್ದು:

ಮೇಲಿನ ಎರಡೂ ಸರಿ. ನಮೂನೆಯ ಮೂರನೇ ಕಲಮಿನ ಬಗ್ಗೆ, ಅಂದರೆ "ಕಲಿತ ಪಾಠ"ದ ಬಗ್ಗೆ, ತಕರಾರಿದೆ. ಕಾದಂಬರಿಗೆ ಆ ಕಲಮನ್ನು ಹಾಕಲೇಬೇಡಿ. 'ಅಪರಾಧ ಮತ್ತು ಶಿಕ್ಷೆ'ಯ ಪಾಠ ಬರೆಯಲು ಕೂತರೆ "ಕೊಲೆ ಮಾಡಬಾರದು" ಎಂದು ಬರೆಯಬೇಕಾಗುತ್ತದೆ. ಅಷ್ಟಕ್ಕೆ ಆರು ಭಾಗ ಬೇಕಿತ್ತೇ? ಸೆಲ್ಫ್ ಹೆಲ್ಪ್ ಓದಿ ಓದಿ ಕೈಗೆ ಹತ್ತಿದ ಚಾಳಿ ಇದು, ಎಲ್ಲ ಪುಸ್ತಕವನ್ನೂ ಹಿಂಡಿ ರಸ ತೆಗೆಯುವುದು.

ಅದರ ಬದಲು "ಅಭಿಪ್ರಾಯ ಬದಲಾದ ಜಾಗ" ಎಂಬ ಕಲಮು ಹಾಕಿ. ಒಂದು ಪಾತ್ರದ ಬಗ್ಗೆ ನಿಮ್ಮ ಮನಸ್ಸು ಯಾವ ಅಧ್ಯಾಯದಲ್ಲಿ ಹೊರಳಿತು, ಹೊರಳಿಸಿದ್ದು ಯಾವುದು: ಘಟನೆಯೋ, ಮಾತೋ, ನಿರೂಪಕರು ನಿಂತ ಜಾಗವೋ? 'ಮಿಡ್ಲ್‌ಮಾರ್ಚ್'ನ 29ನೇ ಅಧ್ಯಾಯದ ಮೊದಲ ವಾಕ್ಯ ನೋಡಿ. ನಾಯಕಿ ಡೊರೊಥಿಯಾಳ ಹೆಸರಿಗೆ ಬಂದ ವಾಕ್ಯ ಅಲ್ಲೇ ತಡೆದು ನಿಲ್ಲುತ್ತದೆ: ಸದಾ ಅವಳೇ ಏಕೆ, ಈ ಮದುವೆಯಲ್ಲಿ ಅವಳ ದೃಷ್ಟಿ ಒಂದೇ ಏಕೆ ಎಂದು ನಿರೂಪಕಿ ತನ್ನನ್ನೇ ಕೇಳಿಕೊಂಡು ಅವಳ ಗಂಡ ಕಸಾಬನ್ ಕಡೆಗೆ ತಿರುಗುತ್ತಾಳೆ. ಇಪ್ಪತ್ತೆಂಟು ಅಧ್ಯಾಯ ಅವನನ್ನು ಒಣಕಲು ಪಂಡಿತ ಎಂದು ಮನಸ್ಸಿನಲ್ಲೇ ಆಡಿಕೊಂಡ ಓದುಗರಿಗೆ ಅವನ ಅಳುಕು ಒಳಗಿನಿಂದ ಕಾಣುತ್ತದೆ. ಘಟನೆ ಏನೂ ನಡೆದಿಲ್ಲ, ಕ್ಯಾಮೆರಾ ಪಕ್ಕಕ್ಕೆ ಸರಿದಿದೆ, ಅಷ್ಟೆ. ಸಾರಾಂಶ ಬರೆದರೆ ಈ ಜಾಗ ಅದರಲ್ಲಿ ಬರುವುದೇ ಇಲ್ಲ, ಏಕೆಂದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಹದವಾದ ಪುಸ್ತಕ 1967ರ 'ಮಲೆಗಳಲ್ಲಿ ಮದುಮಗಳು'. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎಂದು ಕುವೆಂಪು ಬಾಗಿಲಲ್ಲೇ ಹೇಳಿಟ್ಟಿದ್ದಾರೆ. ಆದರೂ ನಾಯಕ ಯಾರು ಎಂದು ಹುಡುಕುತ್ತಾ ಓದುವವರು ಸುಸ್ತಾಗುತ್ತಾರೆ. ಮಡಚಿದಹಾಳೆಯವರ ಪಟ್ಟಿಯಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು: ವ್ಯಕ್ತಿಗಳ ಪಟ್ಟಿ ಮಾಡುವ ಬದಲು ಮನೆಗಳ ಪಟ್ಟಿ ಮಾಡಿ, ಯಾರು ಯಾವ ಮನೆಯವರು ಎಂದು. ಹೆಸರುಗಳು ತಾವಾಗಿ ಅದರ ಕೆಳಗೆ ಕೂರುತ್ತವೆ.

ಇನ್ನು ನೆನಪಿನ ಮಾತು. ಹಳದಿ ಗೆರೆಯಿಂದ ಆಗುವ ಲಾಭ ಬಹಳ ಕಡಿಮೆ. ಪುಸ್ತಕ ಮುಚ್ಚಿ ನೆನಪಿನಿಂದ ಬರೆದದ್ದು ಹೆಚ್ಚು ಉಳಿಯುತ್ತದೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್, ಕಾರ್ಪಿಕಿ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪು ಪಾಠವನ್ನು ಮತ್ತೊಮ್ಮೆ ಓದಿತು, ಇನ್ನೊಂದು ಗುಂಪು ಪಾಠ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರದ ನಂತರ ತಿರುವುಮುರುವು: ಬರೆದವರಿಗೆ ನೆನಪಿದ್ದದ್ದು ಶೇ. 56, ಮತ್ತೆ ಓದಿದವರಿಗೆ ಶೇ. 42. ಓದಿದ ಕೂಡಲೇ "ಎಲ್ಲ ಗೊತ್ತಾಯಿತು" ಎನ್ನಿಸುವುದನ್ನು ನಂಬಬಾರದು ಎನ್ನುವುದು ಇದಕ್ಕೇ.

ಹಾಗಾಗಿ ಗೆರೆ ಎಳೆಯುವ ಸಮಯವನ್ನು ಇದಕ್ಕೆ ಕೊಡಿ: ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ ಐದು ನಿಮಿಷ ಖಾಲಿ ಹಾಳೆಯಲ್ಲಿ ಬರೆಯಿರಿ. ತೊದಲಿದರೂ ಪುಟ ತೆರೆಯಬೇಡಿ. ಐದು ನಿಮಿಷ ಆದಮೇಲೆ ತೆರೆದು, ತಪ್ಪಿದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ವಾರದ ನಂತರ ಹಳೆಯ ಹಾಳೆ ನೋಡದೆ ಇನ್ನೊಮ್ಮೆ. ಕಾದಂಬರಿಗೆ ಪ್ರತಿ ಅಧ್ಯಾಯಕ್ಕೆ ಬೇಡ, ಭಾಗಕ್ಕೊಮ್ಮೆ ಸಾಕು. ಪ್ರತಿದಿನ ಮಾಡಿದರೆ ಓದು ಪರೀಕ್ಷೆಯಾಗಿಬಿಡುತ್ತದೆ.

---

ಅರ್ಧಓದು ಬರೆದದ್ದು:

ಇದು ಬೇಕಿತ್ತು. ಎರಡು ಸಣ್ಣ ಅನುಮಾನ. ಇ-ರೀಡರ್‌ನಲ್ಲಿ ಪುಟಸಂಖ್ಯೆ ಅಕ್ಷರದ ಗಾತ್ರದ ಮೇಲೆ ಬದಲಾಗುತ್ತಲ್ಲ? ಎರಡು ಬಗೆಯ ಪುಸ್ತಕ ಒಟ್ಟಿಗೆ ಓದಬಹುದಾ?

---

ಮಡಚಿದಹಾಳೆ ಬರೆದದ್ದು:

ಅದಕ್ಕೇ ಅಧ್ಯಾಯದ ಸಂಖ್ಯೆ ಅಂದದ್ದು, ಯಾವ ಮುದ್ರಣಕ್ಕೂ ಹೊಂದುತ್ತೆ. ಇ-ರೀಡರ್‌ನಲ್ಲಿ ಹೆಸರು ಹುಡುಕುವ ಸೌಲಭ್ಯ ಇದೆ ಅಂತ ಹಾಳೆ ಬಿಡಬೇಡಿ. "ರೋದ್ಯಾ" ಅಂತ ಹುಡುಕಿದರೆ "ರಸ್ಕೋಲ್ನಿಕೊವ್" ಸಿಗಲ್ಲ.

ಒಟ್ಟಿಗೆ ಓದಬಹುದು. ಒಂದು ದಪ್ಪ ಕಾದಂಬರಿ, ಒಂದು ಸೆಲ್ಫ್ ಹೆಲ್ಪ್, ಅಷ್ಟೇ. ಎರಡು ರಷ್ಯನ್ ಕಾದಂಬರಿ ಒಟ್ಟಿಗೆ ಹಿಡಿದರೆ ಇಲ್ಲಿನ ಸೋನ್ಯಾ ಅಲ್ಲಿಗೆ ಹೋಗಿ ಕೂರ್ತಾಳೆ. 'ವಾರ್ ಅಂಡ್ ಪೀಸ್'ನಲ್ಲೂ ಒಬ್ಬ ಸೋನ್ಯಾ ಇದ್ದಾಳೆ.

---

ಲೆಕ್ಕದಕಣ್ಣು ಬರೆದದ್ದು:

ಒರೆಗಲ್ಲು ಅವರ ಅಂಕಿಗೆ ಒಂದು ತಿದ್ದುಪಡಿ. ಅಧ್ಯಯನ ನಡೆದದ್ದೇ 84 ದಿನ, ಹಾಗಿರುವಾಗ 254 ದಿನ ಯಾರೂ ಕಣ್ಣಾರೆ ಕಂಡದ್ದಲ್ಲ. ಸಿಕ್ಕ ಅಂಕಿಗಳಿಗೆ ಒಂದು ವಕ್ರರೇಖೆ ಹೊಂದಿಸಿ, ಅದು ಮುಂದೆ ಎಲ್ಲಿಗೆ ಮುಟ್ಟುತ್ತದೆ ಎಂದು ಲೆಕ್ಕ ಹಾಕಿ ತೆಗೆದದ್ದು. ಆ 66 ಕೂಡ ರೇಖೆ ಚೆನ್ನಾಗಿ ಹೊಂದಿದವರ ನಡುವಿನ ಅಂಕಿ, ಎಲ್ಲ 96 ಜನರದ್ದಲ್ಲ.

---

ಒರೆಗಲ್ಲು ಬರೆದದ್ದು:

ಒಪ್ಪಿದೆ, "ಹಿಡಿಯಿತು" ಎಂದು ಬರೆದದ್ದು ತಪ್ಪು.

---

ಅರ್ಧಓದು ಬರೆದದ್ದು:

ಕಾರ್ಡಿನ ಕರಡು, ನೋಡಿ ಹೇಳಿ.

ವಾದ: ಮಲಗುವ ಕೋಣೆಯಲ್ಲಿ ಫೋನ್ ಇಲ್ಲದಿದ್ದರೆ ರಾತ್ರಿ ಓದು ನಡೆಯುತ್ತೆ, ಏಕೆಂದರೆ ಕೈಗೆಟುಕದ್ದನ್ನು ಕೈ ಹುಡುಕಲ್ಲ.
ಕೆಲಸ: ಫೋನ್ ಹೊರಗಿಟ್ಟು ಒಂದು ಅಧ್ಯಾಯ ಓದುವುದು.
ಯಾವಾಗ-ಎಲ್ಲಿ: ರಾತ್ರಿ, ಕೋಣೆಯಲ್ಲಿ.
ಸೋಲು: 14 ದಿನದಲ್ಲಿ 9ಕ್ಕಿಂತ ಕಡಿಮೆ ಟಿಕ್.

---

ಒರೆಗಲ್ಲು ಬರೆದದ್ದು:

"ರಾತ್ರಿ" ಹೊಡೆದುಹಾಕಿ, ಅದು ಐದು ಗಂಟೆ ಉದ್ದದ ಹೊತ್ತು. "ಹಲ್ಲುಜ್ಜಿ ಬ್ರಷ್ ಇಟ್ಟ ಕೂಡಲೇ ಫೋನನ್ನು ಹಾಲ್‌ನ ಚಾರ್ಜರಿಗೆ ಹಾಕುವುದು" ಎಂದು ಬರೆಯಿರಿ. ಈಗಾಗಲೇ ತಪ್ಪದೆ ನಡೆಯುವ ಕೆಲಸದ ಬಾಲಕ್ಕೆ ಹೊಸದನ್ನು ಕಟ್ಟಬೇಕು.

ಕೆಲಸದ ಸಾಲಿನಲ್ಲಿ ಎರಡು ಕೆಲಸ ಇವೆ. ಟಿಕ್‌ಗೆ ಎರಡು ಕಂಬ ಮಾಡಿ, ಒಂದು ಫೋನಿಗೆ, ಒಂದು ಅಧ್ಯಾಯಕ್ಕೆ. ಫೋನ್ ಹೊರಗೆ ಹೋಗಿಯೂ ಓದು ನಡೆಯದ ದಿನಗಳೇ ಹೆಚ್ಚಿದ್ದರೆ ತಪ್ಪಿರುವುದು ನಿಮ್ಮಲ್ಲಲ್ಲ, ಪುಸ್ತಕದ "ಏಕೆಂದರೆ"ಯಲ್ಲಿ.

ಇನ್ನೊಂದು: ಬೆಳಗಿನ ಅಲಾರಂ ಇರುವುದು ಆ ಫೋನಿನಲ್ಲೇ ತಾನೆ? ಹಾಗಿದ್ದರೆ ಮೂರನೇ ದಿನಕ್ಕೆ ಅದು ದಿಂಬಿನ ಪಕ್ಕಕ್ಕೆ ವಾಪಸ್ ಬರುತ್ತದೆ. ಮೊದಲು ಬೇರೆ ಅಲಾರಂ ಗಡಿಯಾರ ಹೊಂದಿಸಿಕೊಳ್ಳಿ, ಆಮೇಲೆ ಮೊದಲ ದಿನ ಎಣಿಸಿ.